ಊರು ಸುಟ್ಟ ಮೇಲೆ ಬರೆದ ಪುಸ್ತಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎಜ್ರ, ಬಾರೂಕ, ದಾನಿಯೇಲ ಅಂತ ಯೆಹೂದ್ಯರ ಹಳೆಯ ದರ್ಶನದ ಪುಸ್ತಕಗಳ ಬಗ್ಗೆ ನಾನು ಬಾಯಿ ತೆರೆದರೆ ಎದುರಿಗೆ ಕೂತವರು ಮೊದಲು ಗಡಿಯಾರ ನೋಡುತ್ತಾರೆ. ಸ್ವಲ್ಪ ಹೊತ್ತಿಗೆ ಒಂದೊಂದೇ ಪ್ರಶ್ನೆ ಶುರುವಾಗುತ್ತದೆ. ಪತ್ರ ಬರೆದು ಕೇಳುವವರದೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ.

### ಶುರುವಿಗೆ

ಅಪೊಕ್ಯಾಲಿಪ್ಸ್ ಅಂದ್ರೆ ಪ್ರಳಯ ಅಲ್ವಾ?

ಸಿನಿಮಾದವರು ಹಾಗೆ ಮಾಡಿಬಿಟ್ಟಿದ್ದಾರೆ. ಗ್ರೀಕಿನ ಅಪೊಕಾಲಿಪ್ಸಿಸ್ ಅನ್ನುವ ಮಾತಿಗೆ ಮುಸುಕು ತೆಗೆಯುವುದು, ಮುಚ್ಚಿದ್ದನ್ನು ತೋರಿಸುವುದು ಎಂದಷ್ಟೇ ಅರ್ಥ. ಕನ್ನಡ ಬೈಬಲಿನ ಕೊನೆಯ ಪುಸ್ತಕಕ್ಕೆ ‘ಪ್ರಕಟನೆ’ ಎಂದು ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ.

ಇಂಥ ಪುಸ್ತಕದಲ್ಲಿ ಸಾಮಾನ್ಯವಾಗಿ ಹಳೆಯ ಕಾಲದ ಒಬ್ಬ ಹಿರಿಯ ಇರುತ್ತಾನೆ. ಅವನಿಗೊಂದು ದರ್ಶನ ಆಗುತ್ತದೆ. ಅದೇನು ಎಂದು ತಲೆಬುಡ ಗೊತ್ತಾಗುವುದಿಲ್ಲ. ಒಬ್ಬ ದೇವದೂತ ಬಂದು ಬಿಡಿಸಿ ಹೇಳುತ್ತಾನೆ. ಲೋಕ ಮುಗಿಯುವ ಮಾತೂ ಬರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಅದು ಉತ್ತರದ ಒಂದು ತುಂಡು. ನಾನು ಇಲ್ಲಿ ಹೇಳುತ್ತಿರುವ ಪುಸ್ತಕಗಳ ಪ್ರಶ್ನೆಯೇ ಬೇರೆ: ನಮ್ಮ ಮನೆ ಯಾಕೆ ಸುಟ್ಟುಹೋಯಿತು?

ಒಂದು ದೇವಸ್ಥಾನ ಬಿತ್ತು ಅಂತ ಇಷ್ಟೊಂದು ಪುಸ್ತಕವಾ?

ಯೆಹೂದ್ಯರಿಗೆ ಒಂದೇ ದೇವಸ್ಥಾನ ಇದ್ದದ್ದೇ ತೊಂದರೆ. ಈ ಊರಿನ ಗುಡಿ ಹೋದರೆ ಪಕ್ಕದ ಊರಿನದು ಇದೆ ಎನ್ನುವ ಹಾಗಿರಲಿಲ್ಲ. ಬಲಿ ಕೊಡುವುದು, ಪಾಪ ಕಳೆಯುವುದು, ಮೊದಲ ಬೆಳೆ ಒಪ್ಪಿಸುವುದು, ಎಲ್ಲಕ್ಕೂ ಯೆರೂಸಲೇಮ್ ಒಂದೇ ಜಾಗ. ಅದನ್ನು ಮೊದಲು ಸುಟ್ಟವನು ಬಾಬಿಲೋನಿನ ನೆಬೂಕದ್ನೆಚ್ಚರ, ಕ್ರಿ.ಪೂ. 586ರಲ್ಲಿ. ಮತ್ತೆ ಕಟ್ಟಿದರು. ಕ್ರಿ.ಪೂ. 167ರಲ್ಲಿ ಗ್ರೀಕ್ ದೊರೆ ನಾಲ್ಕನೇ ಆಂಟಿಯೋಕಸ್ ಅದನ್ನು ಮೈಲಿಗೆ ಮಾಡಿದ. ಮೂರು ವರ್ಷಕ್ಕೆ, ಅವನ ವಿರುದ್ಧ ದಂಗೆ ಎದ್ದ ಮಕ್ಕಬಿಯರೆಂಬ ಯೆಹೂದ್ಯರು ವಾಪಸ್ ಪಡೆದು ಶುದ್ಧ ಮಾಡಿದರು. ಹನುಕ್ಕಾ ಹಬ್ಬ ಅದರ ನೆನಪು. ಕೊನೆಗೆ ಕ್ರಿ.ಶ. 70ರಲ್ಲಿ ರೋಮಿನ ಸೇನಾಪತಿ ತೀತ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಸುಟ್ಟ. ಆಮೇಲೆ ಕಟ್ಟಲೇ ಇಲ್ಲ.

ಸುಟ್ಟದ್ದಕ್ಕಿಂತ ಆಮೇಲೆ ಮಾಡಿದ ಅವಮಾನ ಜಾಸ್ತಿ. ಗುಡಿಯ ಏಳು ಕವಲಿನ ದೀಪಸ್ತಂಭವನ್ನು ರೋಮಿನ ಬೀದಿಗಳಲ್ಲಿ ಮೆರವಣಿಗೆ ಮಾಡಿದರು. ರೋಮಿನಲ್ಲಿರುವ ತೀತನ ವಿಜಯದ ಕಮಾನಿನ ಮೇಲೆ ಆ ಕೆತ್ತನೆ ಇವತ್ತಿಗೂ ಇದೆ. ಯೆಹೂದ್ಯರು ತಮ್ಮ ಗುಡಿಗೆ ವರ್ಷಕ್ಕೊಮ್ಮೆ ಕೊಡುತ್ತಿದ್ದ ಅರ್ಧ ಶೆಕೆಲ್ ಕಾಣಿಕೆಯನ್ನೂ ಬಿಡಲಿಲ್ಲ. ಅದನ್ನೇ ತೆರಿಗೆ ಮಾಡಿ, ಹೆಂಗಸರು ಮಕ್ಕಳನ್ನೂ ಸೇರಿಸಿ, ರೋಮಿನ ಜುಪಿಟರ್ ದೇವರ ಗುಡಿಗೆ ವಸೂಲಿ ಮಾಡಿದರು. ನಿಮ್ಮ ದೇವರ ಹುಂಡಿ ದುಡ್ಡು, ಗೆದ್ದವನ ದೇವರಿಗೆ.

ಯಾವುದರಿಂದ ಓದೋಕೆ ಶುರು ಮಾಡಲಿ?

ದಾನಿಯೇಲನ 7ನೇ ಅಧ್ಯಾಯ ಓದಿ. ಮನೆಯಲ್ಲಿ ಕನ್ನಡ ಬೈಬಲ್ ಇದ್ದರೆ ಸಾಕು, ಎರಡೇ ಪುಟ. ಸಮುದ್ರದಿಂದ ನಾಲ್ಕು ಮೃಗ ಏಳುತ್ತವೆ: ಹದ್ದಿನ ರೆಕ್ಕೆಯ ಸಿಂಹ, ಬಾಯಲ್ಲಿ ಮೂರು ಪಕ್ಕೆಲುಬು ಕಚ್ಚಿಕೊಂಡ ಕರಡಿ, ನಾಲ್ಕು ರೆಕ್ಕೆಯ ಚಿರತೆ, ಹತ್ತು ಕೊಂಬಿನ ಹೆಸರಿಲ್ಲದ ಒಂದು ಪ್ರಾಣಿ. ಆಮೇಲೆ ಎಜ್ರನ ನಾಲ್ಕನೇ ಪುಸ್ತಕ. ಅದು ಹಿಡಿಸಿದರೆ ಬಾರೂಕನ ಎರಡನೆಯದು. ಹನೋಕನ ಪುಸ್ತಕ ದೊಡ್ಡದು, ಅದನ್ನು ಕೊನೆಗಿಡಿ. ನಾನು ಅದರಿಂದಲೇ ಶುರು ಮಾಡಿ ನಕ್ಷತ್ರಗಳ ಲೆಕ್ಕ ಬಂದ ಕಡೆ ಪುಸ್ತಕ ಮುಚ್ಚಿಟ್ಟಿದ್ದೆ, ಮತ್ತೆ ತೆರೆಯಲು ಎರಡು ವರ್ಷ ಹಿಡಿಯಿತು.

ನಮ್ಮ ಬೈಬಲಲ್ಲಿ ಎಜ್ರ ಇದೆ, ಆದ್ರೆ ನೀವು ಹೇಳೋ ಹದ್ದು ಎಲ್ಲೂ ಇಲ್ವಲ್ಲ?

ಅದು ಬೇರೆ ಎಜ್ರ. ಹದ್ದು ನಾಲ್ಕನೇ ಎಜ್ರದ ಒಂದು ದರ್ಶನ, ಅದರ ಮಾತು ಮುಂದೆ ಬರುತ್ತದೆ. ನಿಮ್ಮ ಬೈಬಲಿನಲ್ಲಿರುವುದು ಬಾಬಿಲೋನಿನಿಂದ ಜನ ವಾಪಸ್ ಬಂದದ್ದು, ಗುಡಿ ಮತ್ತೆ ಕಟ್ಟಿದ್ದು. ನಾನು ಹೇಳುತ್ತಿರುವ ನಾಲ್ಕನೇ ಎಜ್ರ ಬರೆದದ್ದು ಕ್ರಿ.ಶ. 100ರ ಆಸುಪಾಸಿನಲ್ಲಿ. ಪ್ರೊಟೆಸ್ಟೆಂಟ್, ಕ್ಯಾಥೊಲಿಕ್ ಬೈಬಲುಗಳ ಪಟ್ಟಿಯಲ್ಲಿ ಅದಿಲ್ಲ. ಇಥಿಯೋಪಿಯಾದ ಕ್ರೈಸ್ತ ಸಭೆಯ ಬೈಬಲಿನಲ್ಲಿ ಇದೆ. ಬಾರೂಕನದೂ ಇದೇ ಗೊಂದಲ. ಕ್ಯಾಥೊಲಿಕ್ ಬೈಬಲಿನ ಬಾರೂಕ ಒಂದು, ದರ್ಶನ ಕಾಣುವ ಬಾರೂಕ ಇನ್ನೊಂದು.

### ಕಥೆಯ ಒಳಗೆ

ಬಾಬಿಲೋನ್ ಅಂತ ಬರೆದು ರೋಮ್ ಅಂತ ಓದ್ಕೋಬೇಕಾ? ನೇರವಾಗಿ ಹೇಳೋಕೆ ಭಯಾನಾ?

ಭಯ ಸ್ವಲ್ಪ ಇದ್ದೀತು. ಆದರೆ ಗುಟ್ಟು ಅಂದುಕೊಳ್ಳಬೇಡಿ, ಓದುವವರಿಗೆಲ್ಲ ಗೊತ್ತಿತ್ತು. ಗುಡಿ ಸುಟ್ಟವರು ಎರಡೇ ಜನ, ಬಾಬಿಲೋನಿನವರು ಮತ್ತು ರೋಮಿನವರು. ಎಜ್ರನ ಪುಸ್ತಕ ಶುರುವಾಗುವುದೇ ‘ನಮ್ಮ ಪಟ್ಟಣ ಹಾಳಾದ ಮೂವತ್ತನೇ ವರ್ಷ ನಾನು ಬಾಬಿಲೋನಿನಲ್ಲಿ ಹಾಸಿಗೆಯ ಮೇಲೆ ಮಲಗಿ ಕಳವಳಪಡುತ್ತಿದ್ದೆ’ ಎಂದು. ಅವನ ಮೊದಲ ಪ್ರಶ್ನೆ: ನಾವು ಪಾಪ ಮಾಡಿದೆವು ಸರಿ, ಬಾಬಿಲೋನಿನವರು ನಮಗಿಂತ ಒಳ್ಳೆಯವರಾ? ಈ ಪ್ರಶ್ನೆ ಓದಿದ ಯೆಹೂದ್ಯನಿಗೆ ಹಿಂದಿನ ವರ್ಷ ಕಟ್ಟಿದ ತೆರಿಗೆ ನೆನಪಾಗದೆ ಇರುತ್ತಿತ್ತಾ?

ಹಳೆಯ ದುರಂತದಲ್ಲಿ ಕೂತು ಬರೆದರೆ ಇನ್ನೊಂದು ಅನುಕೂಲ ಇದೆ. ಮೊದಲ ಸಲ ಸುಟ್ಟಾಗ ಕಥೆ ಅಲ್ಲಿಗೇ ಮುಗಿಯಲಿಲ್ಲ, ಜನ ವಾಪಸ್ ಬಂದರು ಎನ್ನುವುದು ಓದುಗನಿಗೆ ಗೊತ್ತು. ಬರೆದವನು ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಸತ್ತು ಶತಮಾನಗಳಾದವರ ಹೆಸರಲ್ಲಿ ಬರೆಯೋದು ಮೋಸ ಅಲ್ವಾ?

ನಮ್ಮ ಕಾಲದ ಕಾಪಿರೈಟ್ ಕಣ್ಣಿಗೆ ಹಾಗೆ ಕಾಣುತ್ತದೆ. ಅವರ ಲೋಕದಲ್ಲಿ ಇದು ಒಂದು ರೂಢಿ. ಮಾತಿಗೆ ತೂಕ ಬರಲಿ ಎಂದು ಹಿರಿಯನ ಹೆಸರು ಹಿಡಿಯುವುದಂತೂ ಇತ್ತು. ಆದರೆ ಹೆಸರಿನ ಆಯ್ಕೆ ಗಮನಿಸಿ. ಹನೋಕ ಸಾಯದೆ ದೇವರ ಬಳಿ ಹೋದವನು, ಅವನಿಗೆ ಆಕಾಶದ ಗುಟ್ಟೆಲ್ಲ ಗೊತ್ತು. ಬಾರೂಕ ಪ್ರವಾದಿ ಯೆರೆಮೀಯನ ಬರಹಗಾರ, ಮೊದಲ ನಾಶವನ್ನು ಕಣ್ಣಾರೆ ಕಂಡವನು. ಎಜ್ರ ಧರ್ಮಶಾಸ್ತ್ರವನ್ನು ಮತ್ತೆ ಜನರಿಗೆ ಓದಿ ಹೇಳಿದವನು. ಯಾವ ಕೆಲಸ ಆಗಬೇಕಿದೆಯೋ ಅದಕ್ಕೆ ತಕ್ಕ ಹಿರಿಯ.

ಅಂದಹಾಗೆ ಲೆಕ್ಕ ಕೂಡುವುದಿಲ್ಲ. ನಿಜವಾದ ಎಜ್ರ ಪಟ್ಟಣ ಹಾಳಾಗಿ ನೂರು ವರ್ಷ ದಾಟಿದ ಮೇಲೆ ಬಂದವನು. ಬರೆದವನು ‘ನಾನು ಶೆಯಲ್ತಿಯೇಲ, ಎಜ್ರ ಅಂತಲೂ ಕರೆಯುತ್ತಾರೆ’ ಎಂದು ಒಂದು ಸಾಲು ಸೇರಿಸಿ ಮುಂದೆ ಹೋಗಿಬಿಡುತ್ತಾನೆ!

ದೇವದೂತ ಏನು ಉತ್ತರ ಕೊಡ್ತಾನೆ? ಸಮಾಧಾನ ಆಗುತ್ತಾ?

ಆಗುವುದಿಲ್ಲ. ಈ ಪುಸ್ತಕ ನನಗೆ ಇಷ್ಟವಾಗಲು ಅದೇ ಕಾರಣ.

ದೇವದೂತನ ಹೆಸರು ಊರಿಯೇಲ. ಎಜ್ರ ಕೇಳಿದ್ದಕ್ಕೆ ಅವನು ಒಗಟು ಹಾಕುತ್ತಾನೆ: ಬೆಂಕಿಯನ್ನು ತೂಕ ಮಾಡು, ಗಾಳಿಯನ್ನು ಅಳೆ, ಕಳೆದ ದಿನವನ್ನು ವಾಪಸ್ ಕರೆ. ಆಗಲ್ಲ ಅಲ್ವಾ? ಹಾಗಾದರೆ ದೇವರ ದಾರಿ ನಿನಗೆಲ್ಲಿ ಅರ್ಥವಾಗಬೇಕು? ಎಜ್ರ ಸುಮ್ಮನಾಗುವ ಆಸಾಮಿ ಅಲ್ಲ. ನಾನು ಆಕಾಶದ ವಿಷಯ ಕೇಳಲೇ ಇಲ್ಲ, ದಿನಾ ನಮ್ಮ ಕಣ್ಣೆದುರು ನಡೆಯುವುದನ್ನು ಕೇಳಿದೆ ಎನ್ನುತ್ತಾನೆ. ಇಲ್ಲಿ ಬಂದು, ನರಳಿ, ಯಾಕೆ ನರಳುತ್ತಿದ್ದೇವೆ ಎಂದೂ ತಿಳಿಯದೆ ಇರುವುದಕ್ಕಿಂತ ಹುಟ್ಟದೇ ಇದ್ದರೆ ಚೆನ್ನಾಗಿತ್ತು ಎನ್ನುತ್ತಾನೆ. ಎರಡನೇ ಸಲ ಮಾತು ಇನ್ನೂ ಖಾರ. ಎಲ್ಲ ಮರಗಳಲ್ಲಿ ಒಂದು ದ್ರಾಕ್ಷಿ ಬಳ್ಳಿ, ಎಲ್ಲ ಹಕ್ಕಿಗಳಲ್ಲಿ ಒಂದು ಪಾರಿವಾಳ ಆರಿಸಿಕೊಂಡೆ. ಆ ಒಂದನ್ನು ಎಲ್ಲರ ಕೈಗೆ ಯಾಕೆ ಕೊಟ್ಟೆ? ನಿನ್ನ ಜನ ನಿನಗೆ ಅಷ್ಟು ಬೇಡವಾಗಿದ್ದರೆ ನಿನ್ನ ಕೈಯಾರೆ ಹೊಡೆಯಬೇಕಿತ್ತು.

ಮೂರನೇ ಸಲ ಪ್ರಶ್ನೆ ಹಿಗ್ಗುತ್ತದೆ. ತನ್ನ ಜನ ಮಾತ್ರ ಅಲ್ಲ, ಮನುಷ್ಯರೆಲ್ಲರ ಗತಿ ಏನು? ಮೊದಲು ಪಾಪ ಮಾಡಿದ ಮನುಷ್ಯ ಆದಾಮನನ್ನೇ ಕೇಳುತ್ತಾನೆ: ‘ಆದಾಮಾ, ಏನು ಮಾಡಿಬಿಟ್ಟೆಯಪ್ಪಾ?’ ದೇವದೂತ ಹೇಳುವುದು ಇಷ್ಟೇ: ಮಣ್ಣಿನಲ್ಲಿ ಮಡಕೆಯ ಮಣ್ಣು ಜಾಸ್ತಿ, ಚಿನ್ನದ ಪುಡಿ ಕಮ್ಮಿ. ಉಳಿಯುವವರೂ ಹಾಗೆಯೇ ಕಮ್ಮಿ. ಇದು ಸಮಾಧಾನದ ಮಾತಾ, ನೀವೇ ಹೇಳಿ. ಬರೆದವನು ದೇವದೂತನನ್ನು ಗೆಲ್ಲಿಸಲು ಎಜ್ರನ ಬಾಯಿಗೆ ಸಪ್ಪೆ ಮಾತು ಹಾಕಬಹುದಿತ್ತು. ಹಾಕಲಿಲ್ಲ. ಪುಸ್ತಕದ ಒಳ್ಳೊಳ್ಳೆಯ ಸಾಲುಗಳೆಲ್ಲ ಜಗಳ ಆಡುವವನ ಪಾಲಿಗೇ ಹೋಗಿವೆ.

ಹೊಲದಲ್ಲಿ ಅಳೋ ಹೆಂಗಸಿನ ಕಥೆ ಅಂತಿದ್ರಲ್ಲ, ಅದನ್ನ ಪೂರ್ತಿ ಹೇಳಿ.

ಮೂರು ಜಗಳ ಮುಗಿದ ಮೇಲೆ ಊರಿಯೇಲ ಎಜ್ರನಿಗೆ ಒಂದು ಬಯಲಿಗೆ ಹೋಗು ಎನ್ನುತ್ತಾನೆ. ಅಲ್ಲಿ ಮನೆ ಮಠ ಏನೂ ಇರಬಾರದು. ಮಾಂಸ ಬೇಡ, ದ್ರಾಕ್ಷಾರಸ ಬೇಡ, ಏಳು ದಿನ ಬರೀ ಹೂವು ತಿನ್ನು. ಎಜ್ರ ಹುಲ್ಲಿನ ಮೇಲೆ ಕೂತು ಹೂವು ತಿನ್ನುತ್ತಾನೆ. ಏಳು ದಿನ ಕಳೆದು ಮತ್ತೆ ದೇವರ ಹತ್ತಿರ ಮಾತು ಶುರು ಮಾಡುತ್ತಾನೆ, ಅಷ್ಟರಲ್ಲಿ ಬಲಗಡೆ ಒಬ್ಬ ಹೆಂಗಸು ಕಾಣುತ್ತಾಳೆ. ಬಟ್ಟೆ ಹರಿದಿದೆ, ತಲೆ ಮೇಲೆ ಬೂದಿ, ಗಟ್ಟಿಯಾಗಿ ಅಳುತ್ತಿದ್ದಾಳೆ.

ಯಾಕಮ್ಮಾ ಎಂದು ಕೇಳುತ್ತಾನೆ. ಮೂವತ್ತು ವರ್ಷ ಮಕ್ಕಳಿರಲಿಲ್ಲ. ಹಗಲೂ ರಾತ್ರಿ ಬೇಡಿಕೊಂಡ ಮೇಲೆ ಒಬ್ಬ ಮಗ ಹುಟ್ಟಿದ. ಕಷ್ಟಪಟ್ಟು ಸಾಕಿದಳು. ಹೆಣ್ಣು ನೋಡಿದಳು, ಊಟದ ಏರ್ಪಾಟು ಮಾಡಿದಳು. ಮದುವೆಯ ಕೋಣೆಗೆ ಕಾಲಿಟ್ಟವನು ಬಿದ್ದು ಸತ್ತ. ದೀಪ ಆರಿಸಿದೆವು ಎನ್ನುತ್ತಾಳೆ. ನೆರೆಯವರು ಸಮಾಧಾನ ಹೇಳಲು ಬಂದರು. ಮಾರನೇ ದಿನ ರಾತ್ರಿಯವರೆಗೆ ಸುಮ್ಮನಿದ್ದಳು. ಅವರೆಲ್ಲ ಇವಳು ಸುಧಾರಿಸಿಕೊಂಡಳು ಎಂದು ಸುಮ್ಮನಾದ ಹೊತ್ತು ನೋಡಿ ಎದ್ದು ಈ ಬಯಲಿಗೆ ಓಡಿ ಬಂದಿದ್ದಾಳೆ. ಇನ್ನು ತಿನ್ನುವುದಿಲ್ಲ, ಕುಡಿಯುವುದಿಲ್ಲ, ಅಳುತ್ತಲೇ ಸಾಯುತ್ತೇನೆ.

ಎಜ್ರನಿಗೆ ಸಿಟ್ಟು ಬರುತ್ತದೆ. ನಿನ್ನಂಥ ದಡ್ಡ ಹೆಂಗಸು ಇಲ್ಲ ಎನ್ನುತ್ತಾನೆ. ನಮ್ಮೆಲ್ಲರ ತಾಯಿ ಚೀಯೋನ್, ಅಂದರೆ ಯೆರೂಸಲೇಮ್, ಅಳುತ್ತಿದ್ದಾಳೆ, ನೀನು ಒಬ್ಬ ಮಗನಿಗೆ ಅಳುತ್ತೀಯಾ? ಊರಿಗೆ ಹೋಗು, ಗಂಡನ ಹತ್ತಿರ ಹೋಗು. ಹೋಗಲ್ಲ, ಇಲ್ಲೇ ಸಾಯುತ್ತೇನೆ ಎನ್ನುತ್ತಾಳೆ. ಈಗ ಅವನು ಮತ್ತೆ ಹೇಳಬೇಕು. ಬಲಿಪೀಠ ಕೆಡವಿದ್ದಾರೆ, ವೀಣೆ ನೆಲಕ್ಕೆ ಬಿದ್ದಿದೆ, ದೀಪ ಆರಿದೆ ಎಂದು ಒಂದೊಂದಾಗಿ ಎಣಿಸುತ್ತಾನೆ. ಎಣಿಸಿ, ಆದರೂ ದುಃಖ ಕೊಡವಿಕೋ, ದೇವರು ನಿನ್ನ ಕಡೆ ಮತ್ತೆ ನೋಡುತ್ತಾನೆ ಎನ್ನುತ್ತಾನೆ. ಊರಿಯೇಲ ಮೂರು ಸಲ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಆಗ ಒಪ್ಪದವನು ಈಗ ಅದೇ ಮಾತನ್ನು ತನ್ನ ಬಾಯಿಂದ ಹೇಳುತ್ತಿದ್ದಾನೆ, ಯಾಕೆಂದರೆ ಎದುರಿಗೆ ತನಗಿಂತ ಜಾಸ್ತಿ ಅಳುವವಳು ಇದ್ದಾಳೆ.

ತಟ್ಟನೆ ಅವಳ ಮುಖ ಮಿಂಚಿನಂತೆ ಹೊಳೆಯುತ್ತದೆ. ಒಂದು ಕೂಗು, ನೆಲ ನಡುಗುತ್ತದೆ. ನೋಡಿದರೆ ಹೆಂಗಸಿಲ್ಲ. ದೊಡ್ಡ ದೊಡ್ಡ ಅಡಿಪಾಯದ ಒಂದು ಪಟ್ಟಣ ಇದೆ. ಎಜ್ರ ಹೆಣದ ಹಾಗೆ ಬಿದ್ದುಬಿಡುತ್ತಾನೆ. ಅವನು ಸಮಾಧಾನ ಹೇಳುತ್ತಿದ್ದದ್ದು ಚೀಯೋನಿಗೇ. ಬಯಲಲ್ಲಿ ಮನೆ ಇರಬಾರದು ಎಂದದ್ದೂ ಅದಕ್ಕೇ. ದೇವರ ಪಟ್ಟಣ ಕಾಣುವ ಕಡೆ ಮನುಷ್ಯ ಕಟ್ಟಿದ್ದು ನಿಲ್ಲುವುದಿಲ್ಲವಂತೆ. ಇದಾದ ಮೇಲೆ ಎಜ್ರ ಮೊದಲಿನ ಹಾಗೆ ಜಗಳ ಆಡುವುದಿಲ್ಲ.

ಅದೇ ದಶಕಗಳಲ್ಲಿ ರೋಮಿನವರು ಗೆಲುವಿನ ನಾಣ್ಯ ಅಚ್ಚು ಹಾಕಿಸಿದ್ದರು. ಖರ್ಜೂರದ ಮರ, ಅದರ ಬುಡದಲ್ಲಿ ಕೂತು ಅಳುವ ಒಬ್ಬ ಹೆಂಗಸು, ‘ಯೂದಾಯ (ಯೆಹೂದ್ಯರ ನಾಡು) ಸೋತಿದೆ’ ಎನ್ನುವ ಬರಹ. ನಾಣ್ಯದ ಹೆಂಗಸು ಇವತ್ತಿಗೂ ಮ್ಯೂಸಿಯಮ್ಮಿನ ಗಾಜಿನೊಳಗೆ ಕೂತೇ ಇದ್ದಾಳೆ.

ಬಾರೂಕನದೂ ಅದೇ ಕಥೆ ತಾನೇ?

ಅಣ್ಣ ತಮ್ಮಂದಿರ ಹಾಗೆ, ಸ್ವಭಾವ ಬೇರೆ. ಬಾರೂಕನ ಪುಸ್ತಕದಲ್ಲಿ ಶತ್ರು ಒಳಗೆ ಬರುವ ಮೊದಲೇ ದೇವದೂತರು ಗುಡಿಯ ಪಾತ್ರೆ ಪರದೆಗಳನ್ನು ಭೂಮಿಯ ವಶಕ್ಕೆ ಕೊಡುತ್ತಾರೆ. ಆಮೇಲೆ ಅವರೇ ಗೋಡೆ ಒಡೆಯುತ್ತಾರೆ. ಒಳಗಿಂದ ಒಂದು ದನಿ ಬರುತ್ತದೆ: ಶತ್ರುಗಳೇ, ಬನ್ನಿ, ಮನೆ ಕಾಯುತ್ತಿದ್ದವನು ಮನೆ ಬಿಟ್ಟು ಹೋಗಿದ್ದಾನೆ. ಅಂದರೆ ರೋಮಿನವರು ಗೆಲ್ಲಲಿಲ್ಲ, ಖಾಲಿ ಮನೆಗೆ ನುಗ್ಗಿದರು. ಪೂಜಾರಿಗಳಿಗೆ ಬಾರೂಕ ಹೇಳುವ ಮಾತು ನನಗೆ ಬಾಯಿಪಾಠ ಆಗಿದೆ: ಬೀಗದ ಕೈಗಳನ್ನು ಆಕಾಶಕ್ಕೆ ಎಸೆಯಿರಿ, ನಿಮ್ಮ ಮನೆ ನೀವೇ ನೋಡಿಕೊಳ್ಳಿ, ನಮ್ಮ ಕೈಲಾಗಲಿಲ್ಲ ಎಂದು ದೇವರಿಗೆ ಹೇಳಿ.

ಆದಾಮನ ವಿಷಯದಲ್ಲಿ ಎಜ್ರ ಗೋಳಾಡುತ್ತಾನೆ, ಬಾರೂಕ ಒಪ್ಪುವುದಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿಗೆ ತಾನೇ ಆದಾಮ ಎನ್ನುತ್ತಾನೆ.

### ಇನ್ನೂ ಆಳಕ್ಕೆ

ದಾನಿಯೇಲ ಹೇಳಿದ ಭವಿಷ್ಯ ನಿಜ ಆಯ್ತಾ?

11ನೇ ಅಧ್ಯಾಯ ಓದಿದರೆ ಗ್ರೀಕ್ ದೊರೆಗಳ ಯುದ್ಧ, ಮದುವೆ, ಮೋಸ ಎಲ್ಲ ಕರಾರುವಾಕ್ಕಾಗಿ ಇದೆ. ಕೊನೆಗೆ ಆಂಟಿಯೋಕಸ್ ಸಮುದ್ರಕ್ಕೂ ಪವಿತ್ರ ಬೆಟ್ಟಕ್ಕೂ ನಡುವೆ ಡೇರೆ ಹಾಕಿ ಅಲ್ಲೇ ಕೊನೆಯಾಗುತ್ತಾನೆ ಎನ್ನುತ್ತದೆ. ಅವನು ಸತ್ತದ್ದು ದೂರದ ಪರ್ಷಿಯಾ ಕಡೆ. ಅಂದರೆ ಸರಿಯಾಗಿರುವ ಭಾಗ ನಡೆದದ್ದನ್ನು ನೋಡಿ ಬರೆದದ್ದು, ತಪ್ಪಿರುವಲ್ಲಿಂದ ಬರೆದವನ ನಿಜವಾದ ನಿರೀಕ್ಷೆ ಶುರು. ಪುಸ್ತಕ ಕ್ರಿ.ಪೂ. 165ರ ಆಸುಪಾಸಿನದು ಎಂದು ಬಹುತೇಕ ವಿದ್ವಾಂಸರು ಹೇಳುವುದು ಇದರ ಮೇಲೆಯೇ. ಇದನ್ನು ಮೊದಲು ಬೆರಳಿಟ್ಟು ತೋರಿಸಿದವನು ಮೂರನೇ ಶತಮಾನದ ತತ್ವಜ್ಞಾನಿ ಪೋರ್ಫಿರಿ.

ಹೇಳಿದ ದಿನಕ್ಕೆ ಏನೂ ಆಗದಿದ್ದಾಗ ಜನ ಪುಸ್ತಕ ಬಿಸಾಡಲಿಲ್ವಾ?

ಇಲ್ಲ, ಲೆಕ್ಕ ತಿದ್ದಿದರು. ದಾನಿಯೇಲನ ಕೊನೆಯ ಅಧ್ಯಾಯದ 11ನೇ ವಚನದಲ್ಲಿ ಗುಡಿ ಮೈಲಿಗೆಯಾದ ಮೇಲೆ 1290 ದಿನ ಎಂದಿದೆ. ಕೆಳಗೇ 12ನೇ ವಚನದಲ್ಲಿ 1335 ದಿನ ಕಾದವನು ಧನ್ಯ ಎಂದಿದೆ. ಮೊದಲ ಗಡುವು ದಾಟಿದ ಮೇಲೆ ಯಾರೋ ಪಕ್ಕದಲ್ಲೇ ಹೊಸ ಸಂಖ್ಯೆ ಬರೆದ ಹಾಗೆ ಕಾಣುತ್ತದೆ. ಹಳೆಯದನ್ನು ಅಳಿಸಲೂ ಇಲ್ಲ.

ಎರಡೂವರೆ ಶತಮಾನ ಬಿಟ್ಟು ಎಜ್ರನ ಪುಸ್ತಕ ಇನ್ನೂ ಧೈರ್ಯ ಮಾಡುತ್ತದೆ. ಅಲ್ಲಿ ಸಮುದ್ರದಿಂದ ಹನ್ನೆರಡು ರೆಕ್ಕೆ, ಮೂರು ತಲೆಯ ಹದ್ದು ಏಳುತ್ತದೆ. ಹದ್ದು ಅಂದರೆ ರೋಮ್. ಮೂರು ತಲೆ ವೆಸ್ಪಾಸಿಯನ್, ಅವನ ಮಕ್ಕಳಾದ ತೀತ ಮತ್ತು ಡೊಮಿಷಿಯನ್ ಎಂದು ಹೆಚ್ಚಿನವರು ಒಪ್ಪುತ್ತಾರೆ. ದೇವದೂತ ಹೇಳುತ್ತಾನೆ: ಇದು ನಿನ್ನ ಸಹೋದರ ದಾನಿಯೇಲನಿಗೆ ಕಂಡ ನಾಲ್ಕನೇ ರಾಜ್ಯ. ಆದರೆ ನಿನಗೆ ಈಗ ಹೇಳುವ ಹಾಗೆ ಅವನಿಗೆ ಬಿಡಿಸಿ ಹೇಳಿರಲಿಲ್ಲ. ದಾನಿಯೇಲನ ನಾಲ್ಕನೇ ಮೃಗ ಗ್ರೀಕರು! ಪುಸ್ತಕ ತಪ್ಪಲ್ಲ, ಅರ್ಥ ಮಾಡಿಕೊಂಡದ್ದು ಸಾಲದು ಎನ್ನುವ ಜಾಣತನ.

ಇದು ನಮ್ಮ ಕಾಲಜ್ಞಾನದ ತರಹಾನಾ?

ಸಂಬಂಧ ಇಲ್ಲ, ಹೋಲಿಕೆ ಇದೆ. ನಡೆದದ್ದನ್ನು ಮುಂದೆ ನಡೆಯುವುದು ಎಂಬಂತೆ ಹೇಳುವುದು, ಹಿರಿಯರ ಹೆಸರು, ಒಗಟಿನ ಭಾಷೆ ಎರಡು ಕಡೆಯೂ ಇವೆ. ಕನ್ನಡದ ಕಾಲಜ್ಞಾನಗಳಲ್ಲಿ ವೀರ ವಸಂತರಾಯ ಬರುತ್ತಾನೆ ಎಂದು ಕಾಯುವ ಹಾಗೆ ಎಜ್ರನ ಹದ್ದಿನ ಎದುರು ಕಾಡಿನಿಂದ ಒಂದು ಸಿಂಹ ಗರ್ಜಿಸುತ್ತಾ ಬರುತ್ತದೆ, ಅದು ಮೆಸ್ಸೀಯ, ಯೆಹೂದ್ಯರು ಕಾಯುತ್ತಿದ್ದ ಬಿಡುಗಡೆಯ ರಾಜ. ಆದರೆ ದೇವರನ್ನೇ ಕಟಕಟೆಗೆ ಎಳೆಯುವ ಎಜ್ರನ ಜಗಳಕ್ಕೆ ನಮ್ಮ ಕಾಲಜ್ಞಾನದಲ್ಲಿ ನನಗೆ ಜೋಡಿ ಸಿಕ್ಕಿಲ್ಲ.

ಯೆಹೂದ್ಯರೇ ಬರೆದದ್ದು ಯೆಹೂದ್ಯರ ಹತ್ತಿರವೇ ಯಾಕೆ ಉಳೀಲಿಲ್ಲ?

ಕ್ರಿ.ಶ. 132ರಿಂದ 135ರವರೆಗೆ ಬಾರ್ ಕೊಖ್ಬನ ಕೆಳಗೆ ಮತ್ತೊಂದು ದಂಗೆ ಆಯಿತು. ಹೆಸರಾಂತ ಗುರು ಅಕೀವ ಅವನನ್ನೇ ಮೆಸ್ಸೀಯ ಎಂದಿದ್ದರು. ರೋಮ್ ಅದನ್ನೂ ತುಳಿದುಹಾಕಿತು. ಅದಾದ ಮೇಲೆ ಹದ್ದು ಬೀಳುವ ದಿನ ಎಣಿಸುವ ಪುಸ್ತಕಗಳ ಮೇಲೆ ರಬ್ಬಿಗಳಿಗೆ, ಅಂದರೆ ಯೆಹೂದ್ಯರ ಗುರುಗಳಿಗೆ, ಅಷ್ಟು ಪ್ರೀತಿ ಉಳಿಯಲಿಲ್ಲ. ಅವರು ಬೇರೆ ದಾರಿ ಹಿಡಿದಿದ್ದರು.

ರಬ್ಬಿಗಳ ಚರ್ಚೆಗಳನ್ನು ಕೂಡಿಸಿದ ತಾಲ್ಮೂದಿನಲ್ಲಿ ಒಂದು ಮಾತುಕತೆ ಇದೆ. ಗುಡಿ ಹೋದ ಮೇಲೆ ಕೆಲವರು ಮಾಂಸ, ದ್ರಾಕ್ಷಾರಸ ಬಿಟ್ಟರು. ಬಲಿಪೀಠಕ್ಕೆ ಹೋಗುತ್ತಿದ್ದದ್ದನ್ನು ನಾವು ಹೇಗೆ ತಿನ್ನುವುದು? ರಬ್ಬಿ ಯೆಹೋಷುವ ಬಂದು ಕೇಳಿದರು: ಹಾಗಾದರೆ ರೊಟ್ಟಿಯೂ ಬೇಡ, ಧಾನ್ಯದ ಅರ್ಪಣೆ ನಿಂತಿದೆ. ಹಣ್ಣು ತಿನ್ನುತ್ತೇವೆ ಎಂದರು. ಪ್ರಥಮಫಲದ ಅರ್ಪಣೆಯೂ ನಿಂತಿದೆಯಲ್ಲ? ಹಾಗೇ ನೀರೂ ಬೇಡ, ನೀರು ಸುರಿಯುವ ವಿಧಿಯೂ ನಿಂತಿದೆ. ಅವರಿಗೆ ಮಾತು ಹೊರಡಲಿಲ್ಲ. ಆಗ ಯೆಹೋಷುವ ಹೇಳಿದ್ದು: ಅಳದೇ ಇರಲು ಆಗುವುದಿಲ್ಲ, ಅತಿಯಾಗಿ ಅಳಲೂ ಆಗುವುದಿಲ್ಲ. ಮನೆಗೆ ಗಾರೆ ಮಾಡಿಸಿ, ಒಂದು ಚೂರು ಮಾತ್ರ ಹಾಗೇ ಬಿಡಿ. ಬಾಗಿಲಿನ ಎದುರಿಗೆ, ಸುಮಾರು ಒಂದು ಮೊಳ.

ಎಜ್ರ, ಬಾರೂಕರನ್ನು ಉಳಿಸಿದವರು ಕ್ರೈಸ್ತರು. ಎಜ್ರನ ಹೀಬ್ರೂ ಮೂಲ ಹೋಯಿತು, ಗ್ರೀಕ್ ಅನುವಾದವೂ ಹೋಯಿತು. ಲ್ಯಾಟಿನ್, ಸಿರಿಯಾಕ್, ಇಥಿಯೋಪಿಯಾದ ಗೀಜ್, ಅರ್ಮೇನಿಯನ್‌ನಂಥ ಭಾಷೆಗಳಲ್ಲಿ ಉಳಿದಿದೆ.

ಒಂದು ಹಾಳೆ ಕತ್ತರಿಸಿದ್ರು ಅಂತ ಕೇಳಿದ್ದೆ, ನಿಜಾನಾ?

ನಿಜ. ಲ್ಯಾಟಿನ್ ಎಜ್ರದ 7ನೇ ಅಧ್ಯಾಯದಲ್ಲಿ ಸುಮಾರು 70 ವಚನ ಕಾಣೆಯಾಗಿದ್ದವು. ಕ್ರಿ.ಶ. 822ರ, ಫ್ರಾನ್ಸಿನ ಒಂದು ಹಸ್ತಪ್ರತಿಯಲ್ಲಿ ಅಷ್ಟು ಭಾಗದ ಹಾಳೆಯನ್ನು ಯಾರೋ ಕತ್ತರಿಸಿದ್ದರು. ಆಮೇಲಿನ ಪ್ರತಿಗಳೆಲ್ಲ ಹೆಚ್ಚುಕಡಿಮೆ ಅದನ್ನೇ ನೋಡಿ ಬರೆದವು. 1875ರಲ್ಲಿ ರಾಬರ್ಟ್ ಬೆನ್ಸ್‌ಲಿ ಎಂಬಾತ ಆಮಿಯೆನ್ ಊರಿನ ಇನ್ನೊಂದು ಹಸ್ತಪ್ರತಿಯಲ್ಲಿ ಕಾಣೆಯಾದ ಭಾಗ ಸಿಕ್ಕಿತೆಂದು ಪ್ರಕಟಿಸಿದ. ಆ ಹಾಳೆಯಲ್ಲಿ, ನ್ಯಾಯತೀರ್ಪಿನ ದಿನ ಒಬ್ಬರ ಪರವಾಗಿ ಇನ್ನೊಬ್ಬರು ಬೇಡಿಕೊಳ್ಳಲು ಆಗುವುದಿಲ್ಲ ಎಂದಿದೆ. ಸತ್ತವರಿಗಾಗಿ ಪ್ರಾರ್ಥಿಸುವವರಿಗೆ ಅದು ಇಷ್ಟವಾಗದೆ ಕತ್ತರಿ ಹಾಕಿದರು ಎಂದು ಹಲವರ ಊಹೆ.

ಎಲ್ಲಾ ಅಪೊಕ್ಯಾಲಿಪ್ಸೂ ದುರಂತದಿಂದಲೇ ಹುಟ್ಟಿದ್ದಾ?

ಹಾಗೆ ಹೇಳಿದರೆ ಸುಲಭ, ಆದರೆ ಸರಿಯಲ್ಲ. ಹನೋಕನ ಪುಸ್ತಕದ ಹಳೆಯ ಭಾಗಗಳು ಆಂಟಿಯೋಕಸನಿಗಿಂತ ಮೊದಲಿನವು. ಅಲ್ಲಿ ದಾರಿ ತಪ್ಪಿದ ದೇವದೂತರು, ಸೂರ್ಯ ಚಂದ್ರರ ಬಾಗಿಲುಗಳು ಇವೆ, ಸುಟ್ಟ ಊರಿಲ್ಲ. ಬರೆಯುವ ರೀತಿ ಮೊದಲೇ ಇತ್ತು. ಊರು ಸುಟ್ಟಾಗ ಜನ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು ಎನ್ನುವುದು ಹೆಚ್ಚು ಸರಿ.

ಕೊನೆಗೆ ಎಜ್ರ ಏನಾಗ್ತಾನೆ?

ಧರ್ಮಶಾಸ್ತ್ರವೂ ಸುಟ್ಟುಹೋಗಿದೆ, ಮುಂದೆ ಹುಟ್ಟುವವರಿಗೆ ಹೇಳುವವರು ಯಾರು ಎಂದು ದೇವರನ್ನು ಕೇಳುತ್ತಾನೆ. ಬೇಗ ಬರೆಯುವ ಐದು ಜನರನ್ನು ಕರೆದುಕೊಂಡು ಬಯಲಿಗೆ ಬಾ ಎಂದು ಅಪ್ಪಣೆಯಾಗುತ್ತದೆ. ಅಲ್ಲಿ ಒಂದು ಬಟ್ಟಲು ಕೊಡುತ್ತಾರೆ. ಒಳಗಿರುವುದು ನೀರಿನ ಹಾಗಿದೆ, ಬಣ್ಣ ಮಾತ್ರ ಬೆಂಕಿಯದು. ಕುಡಿದು ಹೇಳಲು ಶುರು ಮಾಡುತ್ತಾನೆ. 40 ದಿನದಲ್ಲಿ 94 ಪುಸ್ತಕ. ಅದರಲ್ಲಿ 24 ಎಲ್ಲರಿಗೂ, ಅವು ಹೀಬ್ರೂ ಬೈಬಲಿನ ಪುಸ್ತಕಗಳು. ಉಳಿದ 70 ತಿಳಿದವರಿಗೆ ಮಾತ್ರ. ಬರೆಯುವವರು ತಮಗೇ ಗೊತ್ತಿಲ್ಲದ ಅಕ್ಷರಗಳಲ್ಲಿ ಹಗಲೆಲ್ಲ ಬರೆದು ರಾತ್ರಿ ರೊಟ್ಟಿ ತಿನ್ನುತ್ತಿದ್ದರು. ಎಜ್ರ ಹಗಲೂ ಹೇಳುತ್ತಿದ್ದ, ರಾತ್ರಿಯೂ ಬಾಯಿ ಮುಚ್ಚಲಿಲ್ಲ.